ನಾಣ್ಯದ ಫೋಟೊ ತೆಗೆಯುವವರಿಗೆ ಲೈಟ್ ಬಗ್ಗೆ ನಾಲ್ಕು ಮಾತು

ಹರಾಜಿನ ಕ್ಯಾಟಲಾಗ್‌ಗೆ ನಾಣ್ಯಗಳ ಫೋಟೊ ತೆಗೆಯುವುದು ನನ್ನ ಕೆಲಸ. ಹೊಸದಾಗಿ ಶುರು ಮಾಡುವವರೆಲ್ಲ ಮೊದಲು ಕೇಳುವುದು ಯಾವ ಕ್ಯಾಮೆರಾ ತಗೊಳ್ಳಲಿ ಅಂತ. ಕ್ಯಾಮೆರಾ ಯಾವುದಾದರೂ ನಡೆಯುತ್ತದೆ. ಚಿಕ್ಕ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಒಂದು ಮ್ಯಾಕ್ರೋ ಲೆನ್ಸ್, ಅಲುಗಾಡದ ಸ್ಟ್ಯಾಂಡ್ ಇದ್ದರೆ ಸಾಕು. ತಲೆ ಕೆಡಿಸಿಕೊಳ್ಳಬೇಕಾಗಿರುವುದು ಲೈಟ್ ಎಲ್ಲಿಂದ ಬೀಳುತ್ತದೆ ಅನ್ನುವುದಕ್ಕೆ.

ನನ್ನ ಮೇಜಿನ ಮೇಲಿರುವುದು ಕತ್ತು ಬಗ್ಗಿಸಬಹುದಾದ ಎರಡು ಚಿಕ್ಕ ಎಲ್‌ಇಡಿ ಲ್ಯಾಂಪ್‌. ಕ್ಯಾಮೆರಾ ನೇರವಾಗಿ ಕೆಳಗೆ ನೋಡುತ್ತಿರುತ್ತದೆ. ಗಡಿಯಾರದ ಲೆಕ್ಕದಲ್ಲಿ ಹೇಳುವುದಾದರೆ ಒಂದು ಲ್ಯಾಂಪ್ 10 ಗಂಟೆಯ ಕಡೆ, ಇನ್ನೊಂದು 2 ಗಂಟೆಯ ಕಡೆ. ಎರಡೂ ಆದಷ್ಟು ಎತ್ತರದಲ್ಲಿ, ಲೆನ್ಸ್‌ಗೆ ಅಂಟಿಕೊಂಡಂತೆ. ಇದಕ್ಕೇ ನಾನು 100 ಮಿ.ಮೀ. ಲೆನ್ಸ್ ಇಟ್ಟುಕೊಂಡಿರುವುದು. 50ರ ಲೆನ್ಸ್ ಆದರೆ ನಾಣ್ಯದ ಹತ್ತಿರಕ್ಕೇ ಹೋಗಬೇಕು, ಆಗ ಲ್ಯಾಂಪ್ ತೂರಿಸಲು ಜಾಗವೇ ಇರುವುದಿಲ್ಲ, ಲೆನ್ಸ್‌ನ ನೆರಳೂ ನಾಣ್ಯದ ಮೇಲೆ ಬೀಳುತ್ತದೆ.

ಲೈಟ್ ಮೇಲಿನಿಂದಲೇ, ಅಂದರೆ ಚಿತ್ರದ ತಲೆಯ ಕಡೆಯಿಂದಲೇ ಯಾಕೆ ಬೀಳಬೇಕು ಅಂದರೆ, ಬೆಳಕು ಮೇಲಿನಿಂದ ಬರುತ್ತದೆ ಅಂತಲೇ ನಮ್ಮ ಕಣ್ಣು ನಂಬಿಕೊಂಡಿರುತ್ತದೆ. ಕೆಳಗಿನಿಂದ ಬಿಟ್ಟರೆ ರಾಜನ ಉಬ್ಬಿದ ಮುಖ ತಗ್ಗಿನಂತೆ ಕಾಣುತ್ತದೆ. ನಾಣ್ಯ ತಲೆಕೆಳಗಾಗಿ ಕೂತಿದ್ದರೆ ಆಮೇಲೆ ಕಂಪ್ಯೂಟರ್‌ನಲ್ಲಿ ತಿರುಗಿಸಿದರಾಯಿತು ಅಂದುಕೊಳ್ಳಬೇಡಿ. ಚಿತ್ರದ ಜೊತೆ ಬೆಳಕೂ ತಿರುಗುತ್ತದೆ, ಅಲ್ವಾ? ತೆಗೆಯುವ ಮೊದಲೇ ನಾಣ್ಯವನ್ನು ನೆಟ್ಟಗೆ ಇಡಿ.

ಈಗ ಹೊಳಪಿನ ವಿಷಯ. ನನ್ನ ಸಮಯವೆಲ್ಲ ಹೋಗುವುದು ಇಲ್ಲೇ. ಚಲಾವಣೆಗೆ ಹೋಗದ ಹೊಸ ನಾಣ್ಯವನ್ನು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ಮೆಲ್ಲಗೆ ಓಲಾಡಿಸಿ ನೋಡಿ. ಬೆಳಕಿನ ಪಟ್ಟೆಗಳು ಬಂಡಿ ಚಕ್ರದ ಕಡ್ಡಿಗಳಂತೆ ಸುತ್ತುತ್ತವೆ. ಟಂಕಸಾಲೆಯಲ್ಲಿ ಅಚ್ಚು ಬಲವಾಗಿ ಒತ್ತಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಗುರುತು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ಉಳಿಯುತ್ತದೆ, ಬೆಳಕನ್ನು ಹಾಗೆ ಎಸೆಯುವುದು ಅವೇ. ನಾಣ್ಯ ಕೈಯಿಂದ ಕೈಗೆ ಓಡಾಡಿದರೆ ಮೊದಲು ಅಳಿಸಿ ಹೋಗುವುದೂ ಅವೇ, ಹಾಗಾಗಿ ಕೊಳ್ಳುವವರು ಫೋಟೊದಲ್ಲಿ ಆ ಪಟ್ಟೆಯನ್ನೇ ಹುಡುಕುತ್ತಾರೆ. ಲೈಟ್‌ಗೆ ಬಟರ್ ಪೇಪರ್ ಹಾಕಿ, ಬಿಳಿ ಲೈಟ್ ಬಾಕ್ಸ್ ಒಳಗಿಡಿ ಅಂತ ಎಲ್ಲರೂ ಹೇಳುತ್ತಾರಲ್ಲ, ಹಾಗೆ ಮಾಡಿದರೆ ಬೆಳಕು ಎಲ್ಲ ಕಡೆಯಿಂದಲೂ ಬಂದು ಪಟ್ಟೆ ಮಾಯವಾಗುತ್ತದೆ, ಚೆಂದದ ನಾಣ್ಯ ಸುಮ್ನೆ ಬೂದು ಬಿಲ್ಲೆಯಂತೆ ಕೂರುತ್ತದೆ. ಇಂಥ ನಾಣ್ಯಕ್ಕೆ ಏನೂ ಮುಚ್ಚದ ಬರೀ ಲೈಟೇ ಸರಿ. ಸ್ಕ್ರೀನ್ ನೋಡುತ್ತಾ ಲ್ಯಾಂಪನ್ನು ಒಂದು ಬೆರಳಿನಷ್ಟು ಸರಿಸಿ, ಪಟ್ಟೆ ಮುಖದ ಮೇಲಿಂದ ಖಾಲಿ ಜಾಗಕ್ಕೆ ಜಾರಿದ ಕೂಡಲೇ ನಿಲ್ಲಿಸಿ. ರಿಂಗ್ ಲೈಟ್ ನನಗೆ ಯಾವತ್ತೂ ಹಿಡಿಸಿಲ್ಲ. ಉಬ್ಬು ತಗ್ಗು ಒಂದೂ ಕಾಣುವುದಿಲ್ಲ, ಜೊತೆಗೆ ಹೊಳೆಯುವ ನಾಣ್ಯದಲ್ಲಿ ಉಂಗುರ ಬೇರೆ ಮೂಡುತ್ತದೆ.

ಸಂಗ್ರಹಕಾರರಿಗೆಂದೇ ವಿಶೇಷ ಹೊಳಪಿನಲ್ಲಿ ಅಚ್ಚು ಹಾಕುವ ಪ್ರೂಫ್ ನಾಣ್ಯದ ಕಥೆ ಬೇರೆ. ಅದರ ಬಯಲು, ಅಂದರೆ ಚಿತ್ರದ ಸುತ್ತಲಿನ ಖಾಲಿ ಜಾಗ, ಅಪ್ಪಟ ಕನ್ನಡಿ, ಲೆನ್ಸ್‌ನ ಕಪ್ಪು ಬಾಯಿಯೇ ಅದರಲ್ಲಿ ಕಾಣುತ್ತದೆ. ಕಪ್ಪು ಬಯಲು, ಬಿಳಿ ಮುಖ ಬೇಕಿದ್ದರೆ ಅದೇ ಒಳ್ಳೆಯದಾಯಿತು. ಬಯಲು ಬೆಳಗಬೇಕಿದ್ದರೆ ಲೆನ್ಸ್‌ಗೂ ನಾಣ್ಯಕ್ಕೂ ನಡುವೆ ಒಂದು ತೆಳು ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ ಪಕ್ಕದಿಂದ ಲೈಟ್ ಬಿಡಿ. ಗಾಜು ಒಂದಿಷ್ಟು ಬೆಳಕನ್ನು ನೆಟ್ಟಗೆ ಕೆಳಗೆ ತಿರುಗಿಸುತ್ತದೆ, ಕ್ಯಾಮೆರಾ ಅದೇ ಗಾಜಿನ ಮೂಲಕ ನೋಡುತ್ತದೆ. ಹಳೆಯ ಬೆಳ್ಳಿ ನಾಣ್ಯಗಳ ಮೇಲೆ ಕೂರುವ ನೀಲಿ, ನೇರಳೆ ಬಣ್ಣಗಳಿಗೂ ಇದೇ ದಾರಿ. ಆ ಬಣ್ಣ ಬರುವುದು ತೀರಾ ತೆಳುವಾದ ಪದರದಿಂದ, ಬೆಳಕು ಕನ್ನಡಿಯಂತೆ ಹಿಂದಿರುಗಿದಾಗ ಮಾತ್ರ ಅದು ಚೆನ್ನಾಗಿ ಕಾಣುತ್ತದೆ. ಆದರೆ ಹೆಚ್ಚಿನ ಬೆಳಕು ಗಾಜಿನ ಮೂಲಕ ಆಚೆ ಹೋಗಿಬಿಡುವುದರಿಂದ ಶಟರ್ ಜಾಸ್ತಿ ಹೊತ್ತು ತೆರೆದಿರಬೇಕು.

ಸವೆದ ನಾಣ್ಯಕ್ಕೆ ಒಂದೇ ಲ್ಯಾಂಪ್ ಸಾಕು, ತಗ್ಗಿಸಿ ಹಿಡಿಯಿರಿ. ಅಳಿಸಿದಂತಿದ್ದ ಅಕ್ಷರಗಳು ನೆರಳಿನ ಜೊತೆ ಎದ್ದು ಬರುತ್ತವೆ. ಅದರ ಜೊತೆಗೆ ಕೂದಲೆಳೆಯ ಗೀರೂ ದೊಡ್ಡದಾಗಿ ಕಾಣುತ್ತದೆ, ಜಗಳ ಶುರುವಾಗುವುದು ಇಲ್ಲಿಂದ. ಮಾರಲು ಕೊಟ್ಟವರು ಗೀರು ಕಾಣದ ಹಾಗೆ ತೆಗೆಯಿರಿ ಅನ್ನುತ್ತಾರೆ. ತೆಗೆಯಲು ಖಂಡಿತ ಬರುತ್ತದೆ, ಲ್ಯಾಂಪ್ ಸ್ವಲ್ಪ ತಿರುಗಿಸಿ ಗೀರಿನ ಉದ್ದಕ್ಕೇ ಬೆಳಕು ಹರಿಯುವಂತೆ ಮಾಡಿದರೆ ಗೀರು ಮರೆಯಾಗುತ್ತದೆ. ನಾನು ಒಪ್ಪುವುದಿಲ್ಲ. ಕೊಂಡವರು ನಾಣ್ಯ ಕೈಗೆ ಬಂದ ತಕ್ಷಣ ಓಲಾಡಿಸಿ ನೋಡುತ್ತಾರೆ, ಮರುದಿನವೇ ಫೋನ್ ಬರುತ್ತದೆ. ಹಾಗಂತ ಇಲ್ಲದ ದೋಷವನ್ನು ದೊಡ್ಡದು ಮಾಡುವುದೂ ಬೇಡ. ಗೀರು ಎದ್ದು ಕಾಣುವಂತಿದ್ದರೆ ಅದು ಬರುವ ಹಾಗೆ ಇನ್ನೊಂದು ಫೋಟೊ ತೆಗೆದು ಪಕ್ಕದಲ್ಲೇ ಹಾಕುತ್ತೇನೆ.

ಬಣ್ಣದ ವಿಷಯ ಸುಲಭ. ರೂಮಿನ ಲೈಟ್ ಆರಿಸಿ, ಕಿಟಕಿಗೆ ಪರದೆ ಎಳೆಯಿರಿ, ಎರಡು ಜಾತಿಯ ಬೆಳಕು ಬೆರೆತರೆ ಆಮೇಲೆ ಸರಿಪಡಿಸುವುದು ತಲೆನೋವು. ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕ) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ನೋಡಿ ತಗೊಳ್ಳಿ, ಕಡಿಮೆ ಇದ್ದರೆ ಸಾಮಾನ್ಯವಾಗಿ ಕೆಂಪು ಸರಿಯಾಗಿ ಬರುವುದಿಲ್ಲ, ಮೊದಲು ಪೆಟ್ಟು ಬೀಳುವುದು ತಾಮ್ರದ ನಾಣ್ಯಕ್ಕೆ. ನಾಣ್ಯ ಇಡುವ ಜಾಗದಲ್ಲೇ ಗ್ರೇ ಕಾರ್ಡ್ (ಅಪ್ಪಟ ಬೂದು ಬಣ್ಣದ ಹಾಳೆ) ಇಟ್ಟು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗೇ ಕಾಣುವಂತೆ ಕ್ಯಾಮೆರಾದ ಹೊಂದಾಣಿಕೆ, ಮಾಡಿಕೊಳ್ಳಿ. ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬಂದರೆ ಎಲ್‌ಇಡಿ ಮಿನುಗುತ್ತಿದೆ ಅಂತ ಅರ್ಥ, ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ, ವೇಗವನ್ನೂ ಇಳಿಸಿ.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಆಗಿ ಬರುವ ನಾಣ್ಯಗಳಲ್ಲಿ ಲ್ಯಾಂಪ್‌ನ ಪ್ರತಿಬಿಂಬ ಕಾಡುತ್ತದೆ. ಡಬ್ಬಿಯ ಒಂದು ಬದಿಗೆ ಚೂರು ಅಂಟು ಜೇಡಿ ಕೊಟ್ಟು ಸ್ವಲ್ಪ ಎತ್ತಿದರೆ ಪ್ರತಿಬಿಂಬ ಪಕ್ಕಕ್ಕೆ ಸರಿಯುತ್ತದೆ. ಜಾಸ್ತಿ ಎತ್ತಿದಿರೋ, ದುಂಡು ನಾಣ್ಯ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಒಂದು ಅಂಚಿನ ಫೋಕಸ್ಸೂ ಹೋಗುತ್ತದೆ.