‘ಸಣ್ಣ ಬದಲಾವಣೆ ಸಾರ್, ಓಕೆ ಅಂದ್ಬಿಡಿ’

ಎಂಜಿನಿಯರ್ ತಪ್ಪು ಮಾಡಿದ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಲಂಚ, ಕಳಪೆ ಸಿಮೆಂಟು. ನನಗೆ ಅದಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು ಮೇಲಿನ ಈ ಮಾತು.

ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ಕಥೆ ಕೇಳಿ. ಲಾಬಿಯ ಮೇಲೆ ತೂಗುವ ನಡೆದಾರಿಗಳಿದ್ದವು. ನಾಲ್ಕನೇ ಮಹಡಿಯದು ಮೇಲೆ, ಎರಡನೆಯದು ಸರಿಯಾಗಿ ಅದರ ಕೆಳಗೆ. ಮೊದಲ ಡ್ರಾಯಿಂಗ್‌ನಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದನೆಯ ರಾಡ್ ಎರಡನ್ನೂ ಹೊರಬೇಕಿತ್ತು. ಅಷ್ಟುದ್ದದ ರಾಡಿಗೆ ಥ್ರೆಡ್ (ನಟ್ ತಿರುಗಿಸಲು ಬೇಕಾದ ಸುರುಳಿ ಗೆರೆ) ಹಾಕುವುದು ಕಷ್ಟ ಅಂತ ಅದನ್ನು ಎರಡು ತುಂಡು ಮಾಡಿದರು: ಚಾವಣಿಯಿಂದ ಮೇಲಿನ ದಾರಿಗೆ ಒಂದು, ಅಲ್ಲಿಂದ ಕೆಳಗಿನ ದಾರಿಗೆ ಇನ್ನೊಂದು. ಕೇಳಿದರೆ ಏನೂ ವ್ಯತ್ಯಾಸ ಇಲ್ಲ ಅನಿಸುತ್ತೆ, ಅಲ್ವಾ? ಆದರೆ ಮೇಲಿನ ದಾರಿಯ ಬೀಮಿನ ಕೆಳಗಿದ್ದ ನಟ್ ಮೊದಲು ಹೊರಬೇಕಿದ್ದದ್ದು ಒಂದೇ ದಾರಿಯ ಭಾರ, ಈಗ ಕೆಳಗಿನ ದಾರಿಯೂ ಆ ಬೀಮಿಗೇ ನೇತುಬಿದ್ದು ಎರಡರದ್ದೂ ಅದರ ಮೇಲೆಯೇ ಬಿತ್ತು. ಒಂದು ಹಾಳೆಯಲ್ಲಿ ಮುಗಿಯುವ ಲೆಕ್ಕ. ಯಾರೂ ಮಾಡಲಿಲ್ಲ. 1981ರ ಜುಲೈ 17ರ ಸಂಜೆ ಡಾನ್ಸ್‌ಗೆ ಸೇರಿದ್ದ ಜನರ ಮೇಲೆ ಎರಡೂ ಕುಸಿದು 114 ಜನ ಸತ್ತರು.

ಆಮೇಲೆ ಶುರುವಾಯ್ತು ನೋಡಿ, ಫೋನಿನಲ್ಲಿ ಕೇಳಿ ಒಪ್ಪಿಗೆ ತಗೊಂಡಿದ್ವಿ ಅಂತ ಉಕ್ಕಿನ ಕೆಲಸದವರು, ಅಂಥ ಫೋನೇ ಬಂದಿಲ್ಲ ಅಂತ ಎಂಜಿನಿಯರ್‌ಗಳು. ಆದರೆ ಬದಲಾದ ಡ್ರಾಯಿಂಗ್ ಮೇಲೆ ಎಂಜಿನಿಯರ್‌ಗಳ ಸೀಲ್ ಇತ್ತು. ಕೊನೆಗೆ ಇಬ್ಬರು ಎಂಜಿನಿಯರ್‌ಗಳ ಲೈಸೆನ್ಸ್ ಹೋಯಿತು. ಇಲ್ಲಿ ದುಡ್ಡು ತಿಂದವರಾಗಲಿ ಕೇಡು ಬಯಸಿದವರಾಗಲಿ ಯಾರೂ ಇರಲಿಲ್ಲ, ಇನ್ನೊಬ್ಬರು ನೋಡಿರ್ತಾರೆ ಅಂತ ಎಲ್ಲರೂ ಸುಮ್ನಿದ್ದರು ಅಷ್ಟೇ.

ಇದರ ಎದುರಿಗೆ ಎಲ್ಲರೂ ಹೇಳುವ ಹೆಸರು ವಿಲಿಯಂ ಲೆಮೆಷುರಿಯರ್. ನ್ಯೂಯಾರ್ಕಿನ ಸಿಟಿಕಾರ್ಪ್ ಕಟ್ಟಡದ ಎಂಜಿನಿಯರ್ ಇವರೇ. ಅದರ ಜೋಡಣೆಗಳಲ್ಲಿ ವೆಲ್ಡಿಂಗ್ ಬದಲು ಬೋಲ್ಟ್ ಹಾಕಿದ್ದಾರೆ, ಜೋರು ಗಾಳಿ ಮೂಲೆಯಿಂದ ಬೀಸಿದರೆ 59 ಮಹಡಿಗೂ ಅಪಾಯ ಅಂತ ಗೊತ್ತಾದಾಗ 1978ರಲ್ಲಿ ತಾನೇ ಹೋಗಿ ಮಾಲೀಕರಿಗೆ ಹೇಳಿದರು. ರಾತ್ರಿ ಹೊತ್ತು ವೆಲ್ಡಿಂಗ್ ಮಾಡಿ ಸರಿಪಡಿಸಿದರು. ಅದಕ್ಕೆ ಗಟ್ಟಿ ಎದೆ ಬೇಕು, ಒಪ್ಪುತ್ತೇನೆ. ಆದರೆ ಸುತ್ತಮುತ್ತ ಬದುಕುತ್ತಿದ್ದ ಜನಕ್ಕೆ ಈ ವಿಷಯ ತಿಳಿದದ್ದು 1995ರಲ್ಲಿ! ಪೂರ್ತಿ ಚಪ್ಪಾಳೆ ಹೊಡೆಯಲು ನನ್ನ ಕೈ ಬರುವುದಿಲ್ಲ.

ನಾನೂ ಒಮ್ಮೆ ಒಂದು ‘ಸಣ್ಣ ಬದಲಾವಣೆ’ಗೆ ಸಹಿ ಹಾಕದೆ ಲೆಕ್ಕ ಕೇಳಿ ವಾಪಸ್ ಕಳಿಸಿದ್ದೆ. ಎರಡು ದಿನ ಕೆಲಸ ನಿಂತಿತು, ಬೈಗುಳ ತಿಂದೆ. ಲೆಕ್ಕ ಬಂತು, ನೋಡಿದರೆ ಎಲ್ಲ ಸರಿಯಾಗೇ ಇತ್ತು. ಆ ಕಂಟ್ರಾಕ್ಟರ್ ಸಿಕ್ಕಾಗಲೆಲ್ಲ ಈಗಲೂ ಅದನ್ನೇ ಹೇಳಿ ನಗ್ತಾರೆ.