ಗೇಟ್ ಮಾಡುವ ಕೈಯಲ್ಲಿ ಗಾಡಿ ಮಾಡಿದಾಗ

ಮೂಡಿಗೆರೆ ಪಕ್ಕ ನನ್ನದೊಂದು ವೆಲ್ಡಿಂಗ್ ಶಾಪ್. ಗೇಟು, ಗ್ರಿಲ್ಲು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಸ್ಟ್ಯಾಂಡು, ಟ್ರೈಲರ್ ರಿಪೇರಿ, ಇದೇ ಕೆಲಸ. ಗೇಟ್ ತಗೊಳ್ಳೋಕೆ ಬಂದವರು ಮೊದಲು ಬೆರಳಲ್ಲಿ ಪೈಪ್ ಕುಟ್ಟಿ ನೋಡುತ್ತಾರೆ. ಟಣ್ ಅಂದರೆ ಮುಖ ಸಣ್ಣದಾಗುತ್ತದೆ, ದಪ್ ಅಂದರೆ ಅಡ್ವಾನ್ಸ್ ಕೊಡುತ್ತಾರೆ. ಹದಿನೈದು ವರ್ಷ ಈ ದಪ್ ಸದ್ದಿಗೇ ಕೈ ಪಳಗಿದೆ. ಕೆಟ್ಟಿದ್ದೂ ಅದರಿಂದಲೇ.

ಒಬ್ಬ ತೋಟದ ಗೌಡರ ಮಗ ಬಂದು ಕೇಳಿದ: “ಅಣ್ಣಾ, ತೋಟದೊಳಗೆ ಓಡಿಸೋಕೆ ಒಂದು ಬಗ್ಗಿ, ಅದೇ ಬಾಡಿ ಇಲ್ಲದ ಪೈಪ್ ಫ್ರೇಮಿನ ಗಾಡಿ, ಮಾಡಿಕೊಡಿ. ಜೀಪ್ ತಗೊಳ್ಳೋಷ್ಟು ದುಡ್ಡಿಲ್ಲ. ಒಂದು ಲಕ್ಷದೊಳಗೆ ಮುಗೀಬೇಕು.” ನಾನು ಗಾಡಿ ಮಾಡಿದವನಲ್ಲ. ಆದರೂ ಆಸೆಗೆ ಹ್ಞೂಂ ಅಂದೆ.

ಹಾಸನದ ಗುಜರಿಯಲ್ಲಿ ಒಂದು ಮಾರುತಿ 800 ಸಿಕ್ಕಿತು. ಬಾಡಿ ತುಕ್ಕು ತಿಂದು ಜರಡಿಯಾಗಿತ್ತು, ಎಂಜಿನ್ ಮಾತ್ರ ಚೆನ್ನಾಗಿತ್ತು. 796 ಸಿಸಿ, ಮೂರು ಸಿಲಿಂಡರ್. ಇದರ ಒಂದು ಅನುಕೂಲ ಅಂದರೆ ಎಂಜಿನ್, ಗೇರ್ ಬಾಕ್ಸ್, ಆಕ್ಸಲ್ ಎಲ್ಲ ಒಂದೇ ಗಂಟು. ಮುಂದಿನ ಗಂಟನ್ನು ಹಾಗೇ ಎತ್ತಿ ಡ್ರೈವರ್ ಬೆನ್ನ ಹಿಂದೆ ಕೂರಿಸಿದರೆ ಹಿಂದಿನ ಚಕ್ರ ಎಳೆಯುವ ಗಾಡಿಯಾಗುತ್ತದೆ. ಏರು ಹತ್ತುವಾಗ ಭಾರ ಹಿಂದಕ್ಕೇ ಬೀಳುವುದು, ಅಲ್ವಾ? ಹಿಡಿತವೂ ಅಲ್ಲೇ ಬೇಕು. ಹಿಂದಕ್ಕೆ ಹೋದ ಚಕ್ರಗಳು ಸ್ಟೇರಿಂಗ್ ಚಕ್ರಗಳಾದ್ದರಿಂದ ಅವುಗಳನ್ನು ತಿರುಗಿಸುವ ಟೈ ರಾಡನ್ನು ಫ್ರೇಮಿಗೆ ಕಟ್ಟಿಹಾಕಬೇಕು. ಇಲ್ಲದಿದ್ದರೆ ಹಿಂದಿನ ಚಕ್ರ ತನಗೆ ಬೇಕಾದ ಕಡೆ ತಿರುಗುತ್ತದೆ. ಮುಂದಕ್ಕೆ ಇನ್ನೊಂದು 800ರ ಮುಂದಿನ ಚಕ್ರದ ಸೆಟ್ ತಂದೆವು. ಗೇರ್ ರಾಡನ್ನು ಉದ್ದ ಮಾಡಿ, ಸುತ್ತಿ ತರುವುದಕ್ಕೇ ಎರಡು ದಿನ ಹೋಯಿತು. ಅದನ್ನು ನೆನೆಸಿಕೊಂಡರೆ ಈಗಲೂ ತಲೆ ಬಿಸಿಯಾಗುತ್ತದೆ.

ಮಾರ್ಚ್‌ನಲ್ಲಿ ಕಾಫಿ ಕಣ ಖಾಲಿ ಇರುತ್ತದಲ್ಲ, ಅಲ್ಲೇ ಸೀಮೆಸುಣ್ಣದಲ್ಲಿ ಗಾಡಿಯ ನಕ್ಷೆಯನ್ನು ನಿಜವಾದ ಅಳತೆಯಲ್ಲೇ ಬರೆದೆವು. ಹುಡುಗನನ್ನು ಕೂರಿಸಿ ಮೊಣಕಾಲು ಎಲ್ಲಿಗೆ ಬರುತ್ತದೆ, ತಲೆ ಎಲ್ಲಿಗೆ ಬರುತ್ತದೆ ಅಂತ ಗುರುತು ಹಾಕಿದ್ದಾಯಿತು. ಮಾರನೇ ದಿನ ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬಂತು. ಗೌಡರಿಗೆ ಹಬ್ಬ, ನಮ್ಮ ನಕ್ಷೆ ಚರಂಡಿ ಪಾಲು.

ಪೈಪ್‌ಗೆ ದುಡ್ಡು ಯಾಕೆ, ಸ್ಪ್ರಿಂಕ್ಲರ್‌ನ ಸತು ಬಳಿದ ಹಳೇ ಜಿಐ ಪೈಪ್ ರಾಶಿ ಬಿದ್ದಿದೆ ಅಂದರು ಗೌಡರು. ಒಂದು ತುಂಡು ವೆಲ್ಡ್ ಮಾಡಿ ನೋಡಿದೆ. ಬಿಳೀ ಹೊಗೆ, ಬಾಯೆಲ್ಲ ಸಿಹಿ ಸಿಹಿ. ಸಂಜೆ ಚಳಿ ಜ್ವರ. ಸತು ಸುಟ್ಟ ಹೊಗೆ ಕುಡಿದರೆ ಹೀಗೇ ಆಗುವುದು. ವೆಲ್ಡಿಂಗ್ ಕೂಡ ಗುಳ್ಳೆ ಬಿದ್ದು ಟೊಳ್ಳಾಗಿತ್ತು. ಬಿಟ್ಟಿ ಪೈಪ್ ಬೇಡ ಅಂತ ಅಂಗಡಿಯಿಂದ ಒಂದೂಕಾಲು ಇಂಚಿನ, 3 ಎಂಎಂ ದಪ್ಪದ ಪೈಪ್ ತಂದೆ. ದಪ್ ಅನ್ನುವಂಥದ್ದು! ನೆಲಕ್ಕೆ 3 ಎಂಎಂ ಚೆಕರ್ಡ್ ಪ್ಲೇಟ್. ಮುಂದೆ ಸಿ ಚಾನೆಲ್‌ನ ಬಂಪರ್. ಮೇಲೆ ಕ್ಯಾರಿಯರ್, ಅದರ ಮೇಲೆ ಸ್ಟೆಪ್ನಿ. ನೋಡೋಕೆ ಟ್ಯಾಂಕರ್ ಥರ ಇತ್ತು. ನನಗೋ ಹೆಮ್ಮೆ.

ಜೂನ್ ಮಳೆಯಲ್ಲಿ ಮೊದಲ ಸಲ ತೋಟಕ್ಕೆ ಇಳಿಸಿದೆವು. ಕೆಸರಲ್ಲಿ ಇಪ್ಪತ್ತು ಅಡಿ ಹೋಯಿತು, ಹೂತುಕೊಂಡಿತು. ಆರು ಜನ ನೂಕಿ ಎತ್ತಿದೆವು. ಏರಿನಲ್ಲಿ ಮುಂದಿನ ಚಕ್ರ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತಿತ್ತು. ಮೂರನೇ ದಿನ ಒಂದು ಚರಂಡಿ ಹಾರಿಸಿದಾಗ ಹಿಂದೆ ಕಟಕ್ ಅಂತ ಸದ್ದಾಯಿತು. ಇಳಿದು ನೋಡಿದರೆ ಚಕ್ರದ ಹೊಡೆತ ತಾಳುವ ಸ್ಟ್ರಟ್‌ನ ತಲೆ ಕೂರುವ ಅಡ್ಡ ಪೈಪ್ ಬಿಲ್ಲಿನ ಹಾಗೆ ಬಗ್ಗಿತ್ತು. ಅದೇ 3 ಎಂಎಂ ಪೈಪ್.

ಆಗ ಅಲ್ಲಿಗೆ ಬಂದಿದ್ದವನು ಗೌಡರ ತಂಗಿಯ ಮಗ. ಇಂಜಿನಿಯರಿಂಗ್ ಓದುವಾಗ ಕಾಲೇಜಿನ ಬಾಹಾ ತಂಡದಲ್ಲಿದ್ದನಂತೆ. ವಿದ್ಯಾರ್ಥಿಗಳೇ ಇಂಥ ಗಾಡಿ ಕಟ್ಟಿ ಓಡಿಸುವ ಸ್ಪರ್ಧೆ ಅದು, ಮಧ್ಯಪ್ರದೇಶದ ಪೀಥಂಪುರದಲ್ಲಿ ನಡೆಯುವುದು. ಅವನ ಕಾಲದಲ್ಲಿ ಎಲ್ಲ ತಂಡಕ್ಕೂ ಒಂದೇ ಎಂಜಿನ್, 10 ಅಶ್ವಶಕ್ತಿಯ 305 ಸಿಸಿ ಬ್ರಿಗ್ಸ್ ಆಂಡ್ ಸ್ಟ್ರಾಟನ್. ಎಂಜಿನ್ ಒಂದೇ ಆದಮೇಲೆ ಗೆಲ್ಲಬೇಕಾದರೆ ತೂಕ ಇಳಿಸಬೇಕು ತಾನೇ. ಅವನು ನನ್ನ ಗಾಡಿಯ ಸುತ್ತ ಒಂದು ಸಲ ಬಂದು ಕೇಳಿದ್ದು ಇಷ್ಟೇ: “ಮಾವಾ, ತೂಕ ಎಷ್ಟು?”

ಗೊತ್ತಿರಲಿಲ್ಲ. ಮೂರು ತಿಂಗಳು ಕೆಲಸ ಮಾಡಿದ್ದೇನೆ, ಒಂದು ಸಲವೂ ತೂಗಿಲ್ಲ!

ಕಾಫಿ ತೂಗುವ ಮಿಷನ್ ತಂದೆವು. ಒಂದು ಚಕ್ರ ಮಿಷನ್ ಮೇಲೆ, ಉಳಿದ ಮೂರರ ಕೆಳಗೆ ಅಷ್ಟೇ ಎತ್ತರದ ಹಲಗೆ. ಹೀಗೆ ನಾಲ್ಕು ಸಲ ತೂಗಿ ಕೂಡಿದರೆ 590 ಕೆಜಿ. ಇಡೀ ಮಾರುತಿ 800 ಕಾರೇ 650 ಕೆಜಿ ಹತ್ತಿರ ಇರುವುದು. ಬಾಡಿ ಇಲ್ಲ, ಗ್ಲಾಸ್ ಇಲ್ಲ, ಬಾಗಿಲು ಇಲ್ಲ, ಆದರೂ ಉಳಿಸಿದ್ದು ಬರೀ 60. ಅದರಲ್ಲೂ 390 ಹಿಂದಿನ ಎರಡು ಚಕ್ರದ ಮೇಲೆ, ಮುಂದೆ 200 ಮಾತ್ರ. ಸ್ಟೇರಿಂಗ್ ಯಾಕೆ ಕೆಲಸ ಮಾಡಲಿಲ್ಲ ಅಂತ ಕೇಳುವ ಅಗತ್ಯವೇ ಬರಲಿಲ್ಲ.

ಬಗ್ಗಿದ ಪೈಪನ್ನು ಅವನು ಸುಮ್ನೆ ಎರಡು ಕಡ್ಡಿ ಹಿಡಿದು ವಿವರಿಸಿದ. ಪೈಪಿನ ನಡುಮಧ್ಯಕ್ಕೆ ಹೊಡೆತ ಬಿದ್ದರೆ ಎಷ್ಟು ದಪ್ಪ ಇದ್ದರೂ ಬಗ್ಗುತ್ತದೆ. ಅದೇ ಹೊಡೆತ ಪೈಪ್‌ಗಳು ಸೇರುವ ಗಂಟಿನ ಮೇಲೆ ಬೀಳಬೇಕು. ಅಲ್ಲಿಂದ ಎರಡು ಪೈಪ್ ಓರೆಯಾಗಿ ಮೂಲೆಗಳಿಗೆ ಇಳಿದು ತ್ರಿಕೋನವಾದರೆ ಪೈಪ್ ಬಗ್ಗುವುದಿಲ್ಲ, ಉದ್ದಕ್ಕೆ ಒತ್ತಿಸಿಕೊಳ್ಳುತ್ತದೆ ಅಷ್ಟೇ. ಚೌಕಾಕಾರದ ಗೇಟಿಗೆ ಮೂಲೆಯಿಂದ ಮೂಲೆಗೆ ಪಟ್ಟಿ ಹಾಕದಿದ್ದರೆ ಜೋತುಬೀಳುತ್ತದೆ ಅಂತ ನನಗೆ ಗೊತ್ತೇ ಇತ್ತು. ದಿನಾ ಮಾಡುವ ಕೆಲಸ. ಗಾಡಿಗೆ ಬಂದಾಗ ಅದು ಹೊಳೆಯಲಿಲ್ಲ ನೋಡಿ.

ಫ್ರೇಮ್ ಕತ್ತರಿಸಿ ಮತ್ತೆ ಮಾಡಿದೆ. ಲೆಕ್ಕ ಸುಲಭ: ಒಂದೂಕಾಲು ಇಂಚಿನ 3 ಎಂಎಂ ಪೈಪ್ ಮೀಟರಿಗೆ 2.1 ಕೆಜಿ ತೂಗುತ್ತದೆ, 2 ಎಂಎಂ ಆದರೆ ಒಂದೂವರೆ ಕೆಜಿ. ನಮ್ಮ ಗಾಡಿಗೆ ಹಿಡಿದದ್ದು 45 ಮೀಟರ್. ತಲೆಯ ಹಿಂದಿನ ಕಮಾನು ಮಾತ್ರ 3 ಎಂಎಂನಲ್ಲೇ ಉಳಿಸಿದೆ. ಮಗುಚಿದರೆ ಜೀವ ಉಳಿಸುವುದು ಅದೇ, ಅಲ್ಲಿ ಜಿಪುಣತನ ಮಾಡಲಿಲ್ಲ. ಬೆಲ್ಟ್ ಕೊಕ್ಕೆಯೂ ಶೀಟಿಗಲ್ಲ, ಪೈಪಿಗೇ. 2 ಎಂಎಂ ಪೈಪ್ ವೆಲ್ಡ್ ಮಾಡುವಾಗ ಕೈ ಸ್ವಲ್ಪ ನಿಂತರೂ ತೂತು ಬೀಳುತ್ತದೆ. ಎರಡೂವರೆ ಎಂಎಂ ರಾಡ್, ಕರೆಂಟ್ ಕಮ್ಮಿ, ಮೊದಲು ಎಲ್ಲ ಕಡೆ ಚುಕ್ಕೆ ಚುಕ್ಕೆಯಾಗಿ ಟ್ಯಾಕ್ ಹಾಕಿ ಆಮೇಲೆ ಎದುರುಬದುರಾಗಿ ಪೂರ್ತಿ ವೆಲ್ಡಿಂಗ್. ಒಂದೇ ಕಡೆಯಿಂದ ಶುರು ಮಾಡಿದರೆ ಫ್ರೇಮ್ ಸೊಟ್ಟ ಎಳೆದುಕೊಳ್ಳುತ್ತದೆ.

ಚೆಕರ್ಡ್ ಪ್ಲೇಟ್ ತೆಗೆದು ಕಾಲಿಡುವ ಜಾಗಕ್ಕೆ ಮಾತ್ರ ತೆಳು ಶೀಟ್ ಹಾಕಿದೆ. ಬಂಪರ್, ಕ್ಯಾರಿಯರ್, ಸ್ಟೆಪ್ನಿ ಎಲ್ಲ ಹೋದವು. ಬ್ಯಾಟರಿ, ರೇಡಿಯೇಟರ್ ಎರಡನ್ನೂ ಮುಂದಕ್ಕೆ ತಂದೆ. ಮತ್ತೆ ತೂಗಿದಾಗ 475. ಎರಡು ಚೀಲಕ್ಕಿಂತ ಜಾಸ್ತಿ ಕಾಫಿ ಇಳಿಸಿದ ಹಾಗಾಯಿತು. ಹೂತುಕೊಂಡರೂ ಈಗ ಆರು ಜನ ಬೇಕಾಗುವುದಿಲ್ಲ.

ರೋಡಿಗೆ ತರುವ ಹಾಗಿಲ್ಲ, ಅದನ್ನು ಮೊದಲೇ ಹೇಳಿದ್ದೆ. ಹೀಗೆ ಮನೆಯಲ್ಲಿ ಕಟ್ಟಿದ ಗಾಡಿಗೆ ರಿಜಿಸ್ಟ್ರೇಷನ್ ಸಿಗುವುದಿಲ್ಲ. ತೋಟದಿಂದ ತೋಟಕ್ಕೆ ಪಿಕಪ್‌ನಲ್ಲಿ ಹೇರಿಕೊಂಡೇ ಹೋಗಬೇಕು. ಎರಡೆರಡು ಸಲ ಪೈಪ್ ತಂದಿದ್ದರಿಂದ ಖರ್ಚು ಒಂದು ಲಕ್ಷ ದಾಟಿತು. ಹೆಚ್ಚಾದದ್ದನ್ನು ಹುಡುಗನ ಹತ್ತಿರ ಕೇಳೋಕೆ ನನಗೆ ಮುಖ ಬರಲಿಲ್ಲ.

ಈಗ ಹೊಸ ತಲೆನೋವು ಶುರುವಾಗಿದೆ. ಮುಂದಿನ ಸ್ಪ್ರಿಂಗು ಎಂಜಿನ್ ಹೊರುವುದಕ್ಕೆ ಮಾಡಿದ್ದು, ಅಲ್ಲಿ ಈಗ ಎಂಜಿನ್ನೇ ಇಲ್ಲ. ಗಾಡಿ ಹಗುರಾದಷ್ಟೂ ಅದು ಕಲ್ಲಿನ ಹಾಗೆ ಗಟ್ಟಿ, ಮೂತಿ ಕುಪ್ಪಳಿಸುತ್ತದೆ. ಸ್ಪ್ರಿಂಗ್‌ನ ಒಂದು ಸುತ್ತು ಕತ್ತರಿಸಿಬಿಡಿ ಅಂತ ಹುಡುಗ ದಿನಾ ಫೋನ್ ಮಾಡುತ್ತಾನೆ. ಕತ್ತರಿಸಿದರೆ ಇನ್ನೂ ಗಟ್ಟಿಯಾಗುತ್ತದೆ ಮಾರಾಯ ಅಂದರೆ ನಂಬುವುದಿಲ್ಲ. ಭಾನುವಾರ ಗುಜರಿಗೆ ಹೋಗಿ ತೆಳು ತಂತಿಯ ಸ್ಪ್ರಿಂಗ್ ಹುಡುಕಬೇಕು. ಈ ಸಲ ತೂಕದ ಮಿಷನ್ ಜೊತೆಗೇ ಒಯ್ಯುತ್ತೇನೆ.