ಹಕ್ಕಿ ಸಿಕ್ಕಿದೆ, ಏನು ತಿನ್ನಿಸಲಿ?

ಏನೂ ತಿನ್ನಿಸಬೇಡಿ. ಬಾಯಿಗೆ ನೀರನ್ನೂ ಹುಯ್ಯಬೇಡಿ.

"ಸಾ, ಹದ್ದು ಬಿದ್ದೈತೆ, ಏನ್ ತಿನ್ನುಸ್ಲಿ?" ನಮ್ಮ ಪಶು ಆಸ್ಪತ್ರೆಗೆ ಬರುವ ಇಂಥ ಫೋನುಗಳು ಶುರುವಾಗುವುದೇ ಹೀಗೆ. ಇದಕ್ಕೆ ವರ್ಷಗಟ್ಟಲೆ ಉತ್ತರ ಹೇಳುತ್ತಿದ್ದವರು ನಮ್ಮ ಅಣ್ಣ. ಅವರಿಗೆ ಬೇರೆ ಹೆಸರಿತ್ತು, ಆದರೆ ಡಾಕ್ಟರಿಂದ ಹಿಡಿದು ಹಸು ಹೊಡೆದುಕೊಂಡು ಬರುವ ಮಕ್ಕಳವರೆಗೆ ಎಲ್ಲರಿಗೂ ಅಣ್ಣ. ದಾಖಲೆಯಲ್ಲಿ ಡಿ ದರ್ಜೆ ನೌಕರ. ದನ ಹಿಡಿದು ನಿಲ್ಲಿಸುವುದು, ಗಾಯ ತೊಳೆಯುವುದು ಅವರ ಕೆಲಸ. ಹದ್ದೋ ಗೂಬೆಯೋ ಬಂದಾಗ ಮಾತ್ರ ಡಾಕ್ಟರೂ ಅವರ ಕೈಯನ್ನೇ ನೋಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಫೋನು ನಮ್ಮ ಕಡೆ ತಿರುಗಿದೆ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಹಕ್ಕಿಯ ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ತೆರೆದುಕೊಂಡಿರುತ್ತೆ. ನಮಗಿರುವಂಥ ಮುಚ್ಚಳ ಅದಕ್ಕಿಲ್ಲ. ನೀವು ಪ್ರೀತಿಯಿಂದ ಸುರಿದ ಎರಡು ಚಮಚ ನೀರು ನೇರ ಪುಪ್ಪುಸಕ್ಕೆ ಇಳಿಯುತ್ತೆ. ಹಾಲನ್ನು ಅರಗಿಸಿಕೊಳ್ಳುವ ಶಕ್ತಿಯೇ ಹಕ್ಕಿಗಳಿಗಿಲ್ಲ, ಕುಡಿಸಿದರೆ ಭೇದಿ. ಹಸುವಿನ ಹಾಲು ಕುಡಿಸಿದರೆ ಅಳಿಲು ಮರಿಗೂ ಭೇದಿ, ಹೊಟ್ಟೆಯುಬ್ಬರ. ಹದ್ದು ಮಾಂಸ ತಿನ್ನುವ ಹಕ್ಕಿ, ಅದರ ಬಾಯಿಗೆ ಅನ್ನ ಮೊಸರು ತುರುಕಬೇಡಿ. ದಿನಗಟ್ಟಲೆ ಉಪವಾಸ ಬಿದ್ದ ಜೀವಕ್ಕೆ ಮೊದಲು ಬಿಸುಪು ಬೇಕು, ಆಮೇಲೆ ದ್ರವ, ಊಟ ಕೊನೆಗೆ. ಈ ಸಾಲು ತಪ್ಪಿದರೆ ತಿನ್ನಿಸಿದ ಊಟವೇ ಕೊಲ್ಲುತ್ತೆ.

ಹಾಗಾದರೆ ಏನು ಮಾಡೋದು? ಪೆಟ್ಟಿಗೆ ತನ್ನಿ. ಹಕ್ಕಿಗಿಂತ ಸ್ವಲ್ಪವೇ ದೊಡ್ಡದಾದ ರಟ್ಟಿನ ಪೆಟ್ಟಿಗೆ. ಹಕ್ಕಿ ಇಡುವ ಮೊದಲೇ ಪಕ್ಕಗಳಿಗೆ ಪೆನ್ಸಿಲ್ ಗಾತ್ರದ ತೂತುಗಳನ್ನು ಹಾಕಿ, ಒಳಗಿನಿಂದ ಹೊರಕ್ಕೆ ಚುಚ್ಚಿ, ಇಲ್ಲದಿದ್ದರೆ ರಟ್ಟಿನ ಚೂಪು ಅಂಚು ಒಳಗಡೆ ಉಳಿಯುತ್ತೆ. ಕೆಳಗೆ ಹಳೇ ಪಂಚೆ ಹಾಸಿ. ಟರ್ಕಿ ಟವೆಲ್ ಬೇಡ, ಅದರ ಕುಣಿಕೆಗಳಿಗೆ ಉಗುರು ಸಿಕ್ಕಿಕೊಳ್ಳುತ್ತೆ. ತಂತಿಯ ಪಂಜರವಂತೂ ಬೇಡವೇ ಬೇಡ. ಒದ್ದಾಡಿ ರೆಕ್ಕೆಗರಿ ಮುರಿದುಕೊಂಡರೆ ಆ ಬುಡ ಉದುರಿ ಹೊಸ ಗರಿ ಬರುವ ತನಕ ಹಾರಾಟವಿಲ್ಲ. ಗರಿ ಬಾರದ ಮರಿಯಾದರೆ ಅರ್ಧ ಲೀಟರ್ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಒಂದು ಮೂಲೆಯಲ್ಲಿ ಮಾತ್ರ ಇಡಿ. ಬಿಸಿ ಹೆಚ್ಚಾದರೆ ಅದು ಸರಿದುಕೊಳ್ಳಲು ಜಾಗ ಬೇಕಲ್ಲ. ಮುಚ್ಚಿ. ಕತ್ತಲಾದರೆ ಅದರ ಅರ್ಧ ಭಯ ಇಳಿಯುತ್ತೆ. ಮಕ್ಕಳಿಗೆ ತೋರಿಸಲು ಮತ್ತೆ ಮತ್ತೆ ತೆಗೆಯಬೇಡಿ.

ಆಷಾಢದ ಗಾಳಿಯಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕ ಹದ್ದಾದರೆ ದಾರ ಎಳೆಯಬೇಡಿ. ಗಾಯದ ಎರಡೂ ಕಡೆ ಗೇಣುದ್ದ ಬಿಟ್ಟು ಕತ್ತರಿಸಿ, ಉಳಿದದ್ದು ಡಾಕ್ಟರು ಬಿಡಿಸುತ್ತಾರೆ. ಅರಿಶಿನ, ಎಣ್ಣೆ, ಮುಲಾಮು ಯಾವುದೂ ಹಚ್ಚಬೇಡಿ. ಗರಿ ಅಂಟಿಕೊಂಡರೆ ಮಳೆ, ಚಳಿ ತಡೆಯಲು ಅದಕ್ಕೆ ಬೇರೇನೂ ಇಲ್ಲ. ಹಿಡಿಯುವಾಗ ಬಟ್ಟೆಯನ್ನು ಅದರ ತಲೆ ಮೇಲೆ ಹಾಕಿ, ಎರಡೂ ಕಾಲು ಒಟ್ಟಿಗೆ ಹಿಡಿಯಿರಿ. ಹದ್ದಿನ ಕೊಕ್ಕಿಗಿಂತ ಉಗುರು ಅಪಾಯ. ಬಕ, ಕೊಕ್ಕರೆಯಾದರೆ ಉಲ್ಟಾ, ಅವು ಕಣ್ಣಿಗೇ ಕುಕ್ಕುತ್ತವೆ. ಬೆಕ್ಕು ಕಚ್ಚಿದ ಹಕ್ಕಿ ಎಷ್ಟೇ ಚೆನ್ನಾಗಿ ಕಂಡರೂ ಅವತ್ತೇ ತನ್ನಿ, ಸೂಜಿಮೊನೆಯಷ್ಟು ತೂತಿನಿಂದಲೂ ನಂಜೇರುತ್ತೆ. ನರಿ, ಕೋತಿ, ಕಾಡುಬೆಕ್ಕನ್ನು ಮಾತ್ರ ನೀವು ಮುಟ್ಟಲೇಬೇಡಿ, ರೇಬಿಸ್ ಇರಬಹುದು. ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ವಾಸಿಯಾಗಲಿ ಅಂತ ಯಾವ ಕಾಡುಪ್ರಾಣಿಯನ್ನೂ ಮನೆಯಲ್ಲಿ ಸಾಕಿಕೊಳ್ಳುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ.

ಒಮ್ಮೆ ಇಬ್ಬರು ಹುಡುಗರು ಮೊಪೆಡ್ಡಿನಲ್ಲಿ ಗೋಣಿಚೀಲ ತಂದರು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವಲ್ಲ, ಅಲ್ಲಿಂದ ಬಿದ್ದ ಮರಿ. ಕುಕ್ಕದಿರಲಿ ಅಂತ ಕೊಕ್ಕಿಗೆ ಸುತಲಿ ದಾರ ಬಿಗಿದಿದ್ದರು. ಅಣ್ಣ ಮಾತಾಡಲಿಲ್ಲ, ಮೊದಲು ದಾರ ಕತ್ತರಿಸಿದರು. ಮರಿ ಗಂಟಲಲ್ಲಿದ್ದ ಮೀನನ್ನೆಲ್ಲ ಕಕ್ಕಿತು. ಹೆದರಿದರೆ ಕೊಕ್ಕರೆ ಮರಿ ಕಕ್ಕುತ್ತೆ, ಬಾಯಿ ಕಟ್ಟಿದ್ದರೆ ಅದೇ ಉಸಿರುಗಟ್ಟಿಸುತ್ತೆ. "ಇದೇ ನೀರುಕಾಗೆ ಆಗಿದ್ರೆ ದಾರೀಲೇ ಸಾಯ್ತಿತ್ತು ಕಣ್ರಪ್ಪ, ಅದುಕ್ಕೆ ಹೊರಗೆ ಮೂಗಿನ ಹೊಳ್ಳೇನೇ ಇಲ್ಲ" ಅಂದರು. ಬೈಯಲಿಲ್ಲ. ಮಡಿಸಿದ್ದ ಉದ್ದನೆ ಕಾಲುಗಳನ್ನು ನಿಧಾನಕ್ಕೆ ಬಿಡಿಸಿ, ಕೈಯಲ್ಲೇ ಉಜ್ಜಿ ನಿಲ್ಲಿಸಿದರು. ಸಣ್ಣ ಮೀನುಗಳನ್ನು ಬಾಯಿಗೆ ತುರುಕದೆ ನೆಲದ ಮೇಲೆ ಇಟ್ಟರು. ಗೂಡಿನಲ್ಲೂ ತಾಯಿ ತಂದೆ ಕಕ್ಕಿದ ಮೀನನ್ನು ಮರಿ ಕೆಳಗಿನಿಂದಲೇ ಹೆಕ್ಕಿ ತಿನ್ನುವುದು.

ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಈಗಲೂ ಬೇಕಾದ ಪ್ರಶ್ನೆ. "ಯಾವ ಮರದ ಕೆಳಗೆ ಸಿಕ್ತು?"

ಹುಡುಗರಿಗೆ ಗೊತ್ತಿರಲಿಲ್ಲ. ಅಣ್ಣ ಅವರನ್ನೇ ಹಿಂದೆ ಕೂರಿಸಿಕೊಂಡು ಹೋಗಿ ಮರ ಹುಡುಕಿ ಬಂದರು. ಜನ ಯಾಕೆ ಇದನ್ನು ಕೇಳುವುದಿಲ್ಲವೋ! ಏನು ತಿನ್ನಿಸಲಿ ಅನ್ನುವಾಗಲೇ ಅದು ನಿಮ್ಮದಾಗಿಬಿಟ್ಟಿರುತ್ತೆ. ಎಲ್ಲಿಗೆ ವಾಪಸ್ ಬಿಡಲಿ ಅಂದರೆ ಅದು ಇನ್ನೂ ಅದರ ತಾಯಿಯದು. ಗರಿ ಬಲಿತು ಕುಪ್ಪಳಿಸುವ ಮರಿಗೆ ಆಸ್ಪತ್ರೆ ಬೇಕಿಲ್ಲ, ಹತ್ತಿರದ ಕೊಂಬೆಗೆ ಏರಿಸಿ ದೂರ ನಿಲ್ಲಿ. ಗರಿಯಿಲ್ಲದ್ದನ್ನು ಗೂಡಿಗೇ ಇಡಿ. ಗೂಡು ಹಾಳಾಗಿದ್ದರೆ ಅದೇ ಮರಕ್ಕೆ ಪುಟ್ಟ ಬುಟ್ಟಿ ಕಟ್ಟಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು, ಕೂಗು ಕೇಳಿದರೆ ಬರುತ್ತೆ. ದೊಡ್ಡ ಹಕ್ಕಿಯೂ ಅಷ್ಟೇ. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟರೆ ಅದಕ್ಕೆ ನೀರಿನ ದಾರಿ ಗೊತ್ತಿಲ್ಲ, ಅಲ್ಲಿರುವ ಹಕ್ಕಿಗಳು ಅಟ್ಟಿಸಿಕೊಂಡು ಬರುತ್ತವೆ.

ಅಣ್ಣನ ನೋಟ್‌ಬುಕ್ ಡ್ರೆಸಿಂಗ್ ಟೇಬಲ್ಲಿನ ಡ್ರಾಯರ್‌ನಲ್ಲಿದೆ. ಅದರಲ್ಲಿ ಔಷಧಿಗಿಂತ ಜಾಗವೇ ಹೆಚ್ಚು: "ದೇವಸ್ಥಾನದ ಹಿಂದಲ ಹುಣಸೆ, ತೆಂಕಲ ಕೊಂಬೆ", "ಕೆರೆ ಏರಿ, ತೂಬಿನ ಪಕ್ಕ". ಅದನ್ನು ನಾವು ಮುಂದುವರಿಸುತ್ತಿದ್ದೇವೆ. ಫೋನು ಮಾಡುವ ಮೊದಲು ಅಲ್ಲೇ ನಿಂತು ಮರದ್ದೊಂದು ಫೋಟೊ ತೆಗೆದುಕೊಳ್ಳಿ, ಸಿಕ್ಕ ಹೊತ್ತು ಗುರುತು ಹಾಕಿಕೊಳ್ಳಿ.